ಆಟಿಯಲ್ಲಿ ಬಂದ ಟಿ.ವಿ.

ನನ್ನ ತಂಗಿ ಎಂಟನೇ ತರಗತಿಯಲ್ಲಿ ಫೇಲಾದದ್ದು ಟಿ.ವಿ. ನೋಡಿ ನೋಡಿ. ಈ ಮಾತನ್ನು ನಾನು ಸುಮಾರು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವಾಗ ಮಾಧ್ಯಮಗಳ ಪ್ರಭಾವ ಎಂಬ ಅಧ್ಯಾಯ ಬಂದರೆ ಇದೇ ನನ್ನ ಉದಾಹರಣೆ. ಹುಡುಗರು ನಗುತ್ತಿದ್ದರು. ಅವರು ನಕ್ಕಷ್ಟೂ ನಾನು ಕತೆಗೆ ಒಂದೊಂದು ವಿವರ ಸೇರಿಸುತ್ತ ಹೋದೆ. ಪರೀಕ್ಷೆಯ ಹಿಂದಿನ ದಿನ ಅವಳ ಮಡಿಲಲ್ಲಿ ಪುಸ್ತಕ ತಲೆಕೆಳಗಾಗಿತ್ತು ಎಂಬುದು ಯಾವುದೋ ಒಂದು ತರಗತಿಯಲ್ಲಿ ಸೇರಿಕೊಂಡದ್ದು. ಅದನ್ನು ನಾನು ನಿಜವಾಗಿ ಕಂಡಿದ್ದೆನೋ, ಹೇಳಿ ಹೇಳಿ ಕಾಣುವಂತಾಯಿತೋ, ಈಗ ಕೂತು ಬೇರ್ಪಡಿಸಲು ಹೋದರೆ ಆಗುತ್ತಿಲ್ಲ.

ನಮ್ಮ ಮನೆ ಇದ್ದದ್ದು ಶಿರ್ತಾಡಿಯ ಹತ್ತಿರ. ಅಪ್ಪ ಮೂಡುಬಿದಿರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಧಣಿ ಬ್ಯಾರಿ ವ್ಯಾಪಾರಿ. ಅವರ ತಮ್ಮಂದಿರು ದುಬಾಯಿಯಲ್ಲಿದ್ದರು. ಅಲ್ಲಿಂದ ಬಣ್ಣದ ಟಿ.ವಿ. ಬಂದಾಗ ಹಳೆಯ ಕಪ್ಪುಬಿಳುಪಿನದ್ದನ್ನು ಧಣಿಗಳು ಅಪ್ಪನಿಗೆ ಸುಮ್ಮನೆ ಕೊಟ್ಟುಬಿಟ್ಟರು. ಅದನ್ನು ಅಪ್ಪ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು ನನಗೆ ನೆನಪಿದೆ. ತಂಗಿ, ಅದು ರಿಕ್ಷಾದಲ್ಲಿ ಬಂತು ಎನ್ನುತ್ತಾಳೆ. ಅದು ದೊಡ್ಡ ವಿಷಯವಲ್ಲ. ಯಾವಾಗ ಬಂತು ಎಂಬುದೇ ವಿಷಯ, ಮತ್ತು ಅದನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಮ್ಮ ಬೀಡಿ ಕಟ್ಟುತ್ತಿದ್ದರು; ತಂಗಿಯೂ. ಬೀಡಿ ಕಂಪನಿಯ ಕಾರ್ಡು ಇದ್ದದ್ದು ಅಮ್ಮನ ಹೆಸರಲ್ಲಿ ಮಾತ್ರ. ಬೀಡಿಯ ಕೆಲಸದಲ್ಲಿ ಕಣ್ಣು ಬೇಕಾಗುವುದು ಎಲೆ ಕತ್ತರಿಸುವಾಗ. ಅಚ್ಚು ಇಟ್ಟು, ನರ ಅಡ್ಡ ಬರದ ಹಾಗೆ ಕತ್ತರಿ ಓಡಿಸಬೇಕು. ಆಮೇಲೆ ಹೊಗೆಸೊಪ್ಪಿನ ಹುಡಿ ತುಂಬುವುದು, ಸುರುಟುವುದು, ನೂಲು ಸುತ್ತುವುದು, ಬಾಯಿ ಮಡಚುವುದು ಎಲ್ಲ ಬೆರಳಿಗೇ ಗೊತ್ತು. ಹಾಗಾಗಿ ಟಿ.ವಿ. ಬಂದ ಮೇಲೆ ನಮ್ಮ ಚಾವಡಿಯಲ್ಲಿ ಒಂದು ಕ್ರಮ ಬಿತ್ತು: ಧಾರಾವಾಹಿ ನಡೆಯುವಾಗ ಸುರುಟುವುದು, ಜಾಹೀರಾತು ಬಂದ ಕೂಡಲೇ ತಲೆ ತಗ್ಗಿಸಿ ಎಲೆ ಕತ್ತರಿಸುವುದು. ತಂಗಿಗೆ ಆ ಕಾಲದ ಎಲ್ಲ ಜಾಹೀರಾತುಗಳ ಪದ್ಯ ಬಾಯಿಪಾಠ ಇತ್ತು. ಒಂದು ಸೋಪಿನ ಜಾಹೀರಾತಿನಲ್ಲಿ ಜಲಪಾತ ಇದೆ ಎಂದು ನಾನೊಮ್ಮೆ ಹೇಳಿದಾಗ ಅವಳು ನಂಬಲಿಲ್ಲ. ಅವಳು ಅದನ್ನು ನೋಡಿಯೇ ಇರಲಿಲ್ಲ.

ಬಾಗಿಲಿಗೆ ಬಂದವರಿಗೆ ಕಾಣುತ್ತಿದ್ದದ್ದು ಟಿ.ವಿ.ಗೆ ಮುಖ ಮಾಡಿ ಕೂತ ಹುಡುಗಿ. ಮಡಿಲಲ್ಲಿ ಎಲೆ, ಹುಡಿ ಇಟ್ಟ ಗೆರಸೆ, ಗೆರಸೆಯಲ್ಲಿ ಕೈ, ಅದು ಕಾಣುತ್ತಿರಲಿಲ್ಲ. ನಮ್ಮ ಕಡೆ ಆಗ ಬೀಡಿಯ ಗೆರಸೆ ಇಲ್ಲದ ಮನೆ ಕಡಿಮೆ. ಎಲ್ಲ ಕಡೆ ಇರುವುದನ್ನು ಯಾರೂ ನೋಡುವುದಿಲ್ಲ. ಟಿ.ವಿ. ಮಾತ್ರ ಹೊಸತು, ಹಾಗಾಗಿ ಎಲ್ಲರೂ ಟಿ.ವಿ.ಯನ್ನೇ ನೋಡಿದರು. ನಾನೂ ಹಾಗೇ ನೋಡಿದೆ. ಒಳಕೋಣೆಯಲ್ಲಿ ಮೇಜಿನ ಎದುರು ಓದಿಕೊಂಡಿದ್ದ ನಾನು ತಲೆ ಎತ್ತಿದಾಗಲೆಲ್ಲ ಅವಳ ಬೆನ್ನು ಮತ್ತು ಅದರಾಚೆಗೆ ಮಿನುಗುವ ಪರದೆ ಕಾಣುತ್ತಿತ್ತು. ಇವಳಿಗೆ ಎಷ್ಟು ಸುಖ ಎಂದು ಅಸೂಯೆಪಟ್ಟದ್ದೂ ಉಂಟು.

ಅವಳ ಮದುವೆಯ ಮಾತುಕತೆ ಶುರುವಾದಾಗ ಬಯೋಡೇಟಾ ಬರೆದದ್ದು ನಾನು. ಆಗಷ್ಟೇ ವಿಶ್ವವಿದ್ಯಾನಿಲಯದಿಂದ ಹೊರಬಿದ್ದಿದ್ದೆ. ಬರೆಯುವುದೆಲ್ಲ ನನ್ನ ಪಾಲಿಗೇ. ಹವ್ಯಾಸ ಎಂಬಲ್ಲಿ ಟಿ.ವಿ. ನೋಡುವುದು ಎಂದು ಬರೆದೆ. ವಿದ್ಯಾಭ್ಯಾಸ ಎಂಬಲ್ಲಿ ಎಂಟನೇ ತರಗತಿ ಎಂದಷ್ಟೇ ಬರೆದರೆ ಸಾಕು ಎಂದರು ಅಪ್ಪ. ಅಳದಂಗಡಿಯ ಕಡೆಯಿಂದ ಗಂಡಿನವರು ನೋಡಲು ಬಂದರು. ಗಂಡಿನ ತಾಯಿ ಕಾಗದ ಓದಿಸಿಕೊಂಡು, "ಎಂಟನೇ ಪಾಸಾ?" ಎಂದು ಕೇಳಿದರು. ಅಪ್ಪ ಮಾತಾಡಲಿಲ್ಲ. ಸತ್ಯವನ್ನು ಮುಚ್ಚಿಟ್ಟು ಮದುವೆ ಮಾಡಬಾರದು ಎಂಬ ಹುಮ್ಮಸ್ಸಿನಲ್ಲಿ ನಾನೇ ಬಾಯಿ ಹಾಕಿ, "ಇಲ್ಲ, ಫೇಲು. ಟಿ.ವಿ. ಬಿಡ್ಬೇಕಲ್ಲ ಇವಳು," ಎಂದೆ. ಎಲ್ಲರೂ ನಕ್ಕರು. ತಂಗಿ ಶರಬತ್ತಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅಪ್ಪನ ಮೌನವನ್ನು ನಾನು ನಾಚಿಕೆ ಎಂದುಕೊಂಡೆ.

ಈ ವರ್ಷ ಒಂದು ಭಾನುವಾರ ತಂಗಿ ತನ್ನ ಮಗಳನ್ನು ಕರೆದುಕೊಂಡು ಬಂಟ್ವಾಳದ ನನ್ನ ಮನೆಗೆ ಬಂದಳು. ಅಪ್ಪ ಹೋಗಿ ಕೆಲವು ವರ್ಷಗಳಾದವು. ಅಮ್ಮ ನನ್ನ ಜೊತೆ ಇದ್ದಾರೆ. ಹುಡುಗಿ ಮೂಡುಬಿದಿರೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಮನೆಗೆ ಮೊದಲ ಟಿ.ವಿ. ಬಂದ ಕತೆಯನ್ನು ಹಿರಿಯರ ಬಾಯಿಯಿಂದ ಕೇಳಿ ಬರೆದು ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಅಮ್ಮ ಮತ್ತು ತಂಗಿ ಬಸಳೆ ಸೋಸುತ್ತ ನೆಲದಲ್ಲಿ ಕೂತಿದ್ದರು. ಹುಡುಗಿ ಮೊಬೈಲನ್ನು ರೆಕಾರ್ಡಿಗೆ ಹಾಕಿ ನೀರಿನ ಚೆಂಬಿಗೆ ಒರಗಿಸಿಟ್ಟಳು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾವ, ನೀವೇ ಹೇಳಿ. ಅಮ್ಮನಿಗೆ ಸರಿಯಾಗಿ ಹೇಳ್ಲಿಕ್ಕೆ ಬರುದಿಲ್ಲ."

"ಅವಳಿಗೆ ಹೇಳ್ಲಿಕ್ಕೆ ಎಂತ ಉಂಟು? ಅವಳಿಗೆ ನೋಡಿ ಮಾತ್ರ ಗೊತ್ತು," ಎಂದು ನಾನು ಶುರುಮಾಡಿದೆ. ಧಣಿ, ದುಬಾಯಿ, ಬಸ್ಸು, ತೆಂಗಿನಮರಕ್ಕೆ ಕಟ್ಟಿದ ಆಂಟೆನಾ, ತಲೆಕೆಳಗಾದ ಪುಸ್ತಕ, ಎಂಟನೇ ಫೇಲು. ಅಭ್ಯಾಸವಾದ ಕತೆ, ಸಲೀಸಾಗಿ ಬಂತು.

ಹುಡುಗಿ ಬಿದ್ದು ಬಿದ್ದು ನಕ್ಕಳು. "ಇದು ಮೊನ್ನೆಯೂ ಆಯ್ತು ಮಾವ. ನಂಗೆ ಮಾರ್ಕು ಕಡಿಮೆ ಬಂತು ಅಂತ ಅಮ್ಮ ಬೈತಾ ಇದ್ರು. ಅಪ್ಪ ಹೇಳಿದ್ರು, ಎಂಟನೇ ಫೇಲು ಡಿಗ್ರಿಗೆ ಪಾಠ ಹೇಳ್ತದೆ ನೋಡು ಅಂತ. ಅಳದಂಗಡಿಯ ಅಜ್ಜಿಯೂ ನಗಾಡಿದ್ರು."

ತಂಗಿ ಬಸಳೆಯ ದಂಟನ್ನು ಮುರಿಯುತ್ತ ಹೇಳಿದಳು: "ನಾನು ಫೇಲಾಗ್ಲಿಲ್ಲ."

"ಆಯ್ತು ಮಾರಾಯ್ತಿ, ನೀನು ರ‍್ಯಾಂಕು," ಎಂದೆ.

"ಟಿ.ವಿ. ಬಂದದ್ದು ಆಟಿಯಲ್ಲಿ ಅಣ್ಣ."

ನನಗೆ ಹೊಳೆಯಲಿಲ್ಲ. ಹುಡುಗಿಗೂ ಇಲ್ಲ. ಅವಳು ಸುಮ್ಮನೆ, ಬರೆದುಕೊಳ್ಳಲೆಂದು, ಅಜ್ಜಿಯ ಕಡೆ ತಿರುಗಿ ಕೇಳಿದಳು: "ಹೌದಾ ಅಜ್ಜಿ, ಆಟಿಯಲ್ಲಾ?"

ಆಟಿ ಎಂದರೆ ನಮ್ಮ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ಮಳೆ ಹೊಯ್ಯುವ, ಒಳ್ಳೆಯ ಕೆಲಸ ಯಾವುದನ್ನೂ ಮಾಡದ ತಿಂಗಳು. ಆ ತಿಂಗಳಲ್ಲಿ ಮನೆಗೆ ಹೊಸ ವಸ್ತು ತರುವುದೆಂದರೆ ಅಮ್ಮನಿಗೆ ಈಗಲೂ ಆಗುವುದಿಲ್ಲ. ಅಷ್ಟು ಹೊತ್ತು ಕಿವಿ ಕೇಳದವರಂತೆ ಕೂತಿದ್ದ ಅಮ್ಮ ಹಳೆಯ ಸಿಟ್ಟಿನಲ್ಲಿ ಎದ್ದು ಕೂತರು.

"ಮತ್ತೆ? ಆಟಿಯಲ್ಲೇ. ಆಟಿಯಲ್ಲಿ ಒಂದು ಚಮಚ ತರ್ತಾರಾ ಯಾರಾದ್ರೂ ಮನೆಗೆ? ಬೇಡ, ಆಟಿ ಮುಗಿದು ಸೋಣ ತಿಂಗಳು ಬರ್ಲಿ ಅಂತ ನಾನು ಎಷ್ಟು ಹೇಳಿದೆ. ನಿನ್ನ ಅಜ್ಜ ಕೇಳ್ಬೇಕಲ್ಲ. ಹೊಸತಲ್ಲ ಮಾರಾಯ್ತಿ, ಧಣಿಗಳು ನೋಡಿ ಬಿಟ್ಟದ್ದು, ಹಳತಿಗೆ ಎಂತ ಆಟಿ ಅಂತ. ಗೋಣಿ ಹೊದಿಸಿ ಮಳೆಯಲ್ಲಿ ತಂದದ್ದು. ಅವಳು ಶಾಲೆ ಶಾಲೆ ಅಂತ ಹಠಕ್ಕೆ..."

ಅಲ್ಲಿಗೆ ಅಮ್ಮನಿಗೆ ತಾನೇನು ಹೇಳುತ್ತಿದ್ದೇನೆ ಎಂದು ಗೊತ್ತಾಯಿತು. ಬಸಳೆಯ ಎಲೆಗಳನ್ನು ಒಟ್ಟುಮಾಡತೊಡಗಿದರು.

"ಪರೀಕ್ಷೆ ಯಾವಾಗ ಅಮ್ಮ ಆಗ?" ಹುಡುಗಿ ತಂಗಿಯನ್ನು ಕೇಳಿದಳು.

"ಈಗಿನ ಹಾಗೆಯೇ. ಮಾರ್ಚಿನಲ್ಲಿ. ಟಿ.ವಿ. ಬಂದದ್ದು ಅದು ಮುಗಿದ ಮೇಲಿನ ಆಟಿಯಲ್ಲಿ."

ಹುಡುಗಿ ನನ್ನ ಮುಖ ನೋಡಿದಳು. ಕಾರಣ ಮೊದಲು, ಪರಿಣಾಮ ಆಮೇಲೆ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳಿಕೊಡುವವನು ನಾನು. ಯಾರಾದರೂ ಏನಾದರೂ ಹೇಳಿದರೆ ಆಧಾರ ಏನು ಎಂದು ಕೇಳಿ ನೆಂಟರನ್ನೆಲ್ಲ ದೂರಮಾಡಿಕೊಂಡವನು. ಮೂರು ಕಾಲೇಜುಗಳಲ್ಲಿ ಜಗಳ ಮಾಡಿ ಬಿಟ್ಟುಬಂದದ್ದೂ ಇಂಥ ಪ್ರಶ್ನೆಗಳಿಂದಲೇ.

"ಅದೆಲ್ಲ ಈಗ ಯಾಕೆ?" ಅಮ್ಮ ಹೇಳಿದರು. "ಇಬ್ಬರು ಹೇಳಿದ್ದೂ ಸರಿಯೇ. ಮೊಬೈಲು ಬಂದ್ ಮಾಡು ಮಗ."

ಹುಡುಗಿ ಬಂದ್ ಮಾಡಲಿಲ್ಲ. ತಂಗಿ ತಲೆ ಎತ್ತದೆ ಹೇಳಿದಳು. ದೊಡ್ಡ ಸ್ವರ ಮಾಡಲಿಲ್ಲ; ಅಳಲೂ ಇಲ್ಲ.

"ನಾನು ಪಾಸು. ಆ ವರ್ಷ ನೀನು ಪಿ.ಯು.ಸಿ.ಗೆ ಸೇರಿದ್ದು. ಅಮ್ಮ ಒಬ್ರೇ ಕಟ್ಟಿದ್ರೆ ಸಾಕಾಗುದಿಲ್ಲ, ಒಂದು ವರ್ಷ ಕೂತುಕೋ, ಬರುವ ವರ್ಷ ಹೋಗುವ ಅಂತ ಅಪ್ಪ ಹೇಳಿದ್ರು. ನಾನು ಎರಡು ದಿನ ಊಟ ಮಾಡ್ಲಿಲ್ಲ. ಆಮೇಲೂ ಗೆರಸೆ ಮುಟ್ಟಲಿಲ್ಲ. ಟಿ.ವಿ. ತಂದ್ರೆ ಕೂತಾಳು ಅಂತ ತಂದದ್ದು. ಕೂತೆ. ನೆರೆಕರೆಯವರಿಗೆ ಫೇಲು ಅಂತ ಹೇಳಿದ್ರು. ಪಾಸಾದವಳನ್ನು ಬಿಡಿಸಿದ್ರು ಅಂತ ಆಗ್ಬಾರ್ದಲ್ಲ. ಹೆಡ್‌ಮಾಷ್ಟ್ರು ಕೇಳ್ಲಿಕ್ಕೆ ಬಂದಾಗ, ಅವಳಿಗೆ ಮನಸ್ಸಿಲ್ಲ ಮಾಷ್ಟ್ರೇ, ಇಡೀ ದಿನ ಟಿ.ವಿ. ಮುಂದೆ ಅಂತ ಅಪ್ಪ ಹೇಳಿದ್ರು. ನೀನು ಒಳಗೆ ಇದ್ದಿ ಅಣ್ಣ. ಬಾಗಿಲು ತೆರೆದೇ ಇತ್ತು."

ಮಾಷ್ಟ್ರು ಬಂದದ್ದು ನನಗೆ ನೆನಪಿದೆ. ಜಗಲಿಯ ಮೂಲೆಯಲ್ಲಿಟ್ಟ ಅವರ ಕೊಡೆಯಿಂದ ನೀರು ಇಳಿದು ಸೆಗಣಿ ಸಾರಿಸಿದ ನೆಲದಲ್ಲಿ ಗೆರೆಯಾಗಿ ಹರಿದದ್ದೂ ನೆನಪಿದೆ. ಫಲಿತಾಂಶದ ಏಪ್ರಿಲ್ ತಿಂಗಳಲ್ಲಿ ಅಷ್ಟು ಮಳೆ ಎಲ್ಲಿಯದು ಎಂದು ನಾನು ಕೇಳಿಕೊಳ್ಳಬಹುದಿತ್ತು. ತಂಗಿ ಬಾವಿಕಟ್ಟೆಯ ಹಿಂದೆ ಕೂತು ಅತ್ತದ್ದೂ ನೆನಪಿದೆ. ಅದನ್ನು ಫೇಲಾದ ದುಃಖ ಎಂದು ನಾನೇ ಹೆಸರಿಟ್ಟೆ. ನೆನಪಿನಲ್ಲಿ ಉಳಿಯುವುದು ಚಿತ್ರ, ತಾರೀಖು ಉಳಿಯುವುದಿಲ್ಲ. ತಾರೀಖನ್ನು ನಮಗೆ ಅನುಕೂಲವಾದ ಕಡೆ ಅಂಟಿಸಿಕೊಳ್ಳುತ್ತೇವೆ. ಆದರೆ ಇಷ್ಟು ಹೇಳಿ ತಪ್ಪಿಸಿಕೊಳ್ಳುವುದೂ ಒಂದು ಅನುಕೂಲವೇ. ನಾನಾಗ ಪಿ.ಯು.ಸಿ. ಓದುವ ಹುಡುಗ, ಹಾಲು ಕುಡಿಯುವ ಮಗುವಲ್ಲ. ಒಂದೇ ಮನೆಯಲ್ಲಿ ತಂಗಿ ಪಾಸಾದದ್ದು ಗೊತ್ತಾಗದೆ ಇರಲು ಸಾಧ್ಯವೇ? ಗೊತ್ತಿತ್ತು, ಆಮೇಲೆ ಗೊತ್ತಿಲ್ಲವಾಯಿತು ಎಂದೇ ನನಗೆ ಅನ್ನಿಸುತ್ತದೆ. ಅಪ್ಪನ ಸುಳ್ಳು ಮಾಷ್ಟ್ರನ್ನು ಸಾಗಹಾಕುವುದಕ್ಕೆ ಆ ಒಂದು ಮಧ್ಯಾಹ್ನಕ್ಕೆ ಬೇಕಾಗಿತ್ತು. ಅದನ್ನು ಮೂವತ್ತು ವರ್ಷ ಸಾಕಿದವನು ನಾನು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?" ಎಂದು ಕೇಳಿದೆ. ಪ್ರಶ್ನೆಯಲ್ಲಿ ಸ್ವಲ್ಪ ಆಪಾದನೆಯೂ ಇತ್ತು.

"ಅಪ್ಪ ಇದ್ರಲ್ಲ. ಅವರನ್ನು ಸುಳ್ಳು ಮಾಡುದು ಹೇಗೆ? ಈಗ ಇವಳು ಬರೆದು ಕಾಲೇಜಿಗೆ ಕೊಡ್ತಾಳೆ. ಅಮ್ಮ ಫೇಲು ಅಂತ ಮಗಳ ಕೈಯಲ್ಲಿ ಬರೆಸುದು ಬೇಡ ಅಂತ ಕಂಡಿತು."

"ಹಾಗಾದ್ರೆ ಯಾವುದು ಬರೀಲಿ ಮಾವ?"

"ನಿನ್ನ ಅಮ್ಮ ಹೇಳಿದ್ದು ಬರಿ," ಎಂದೆ. ಹುಡುಗಿ ಈ ಬಾರಿ ನಗಲಿಲ್ಲ. ತನ್ನ ಅಮ್ಮನ ಕೈಯಿಂದ ಬಸಳೆಯ ಬುಟ್ಟಿ ತೆಗೆದುಕೊಂಡು ತಾನೇ ಒಳಗೆ ಇಟ್ಟು ಬಂದಳು.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆದೆ. ಮಗಳು ಸ್ವಲ್ಪ ಮುಂದೆ ಹೋದಾಗ ತಂಗಿ ಹೇಳಿದಳು: "ಅತ್ತೆಯ ಹತ್ರ ಹೇಳು. ಆವತ್ತು ಫೇಲು ಅಂತ ಹೇಳಿದ್ದು ನೀನಲ್ವಾ? ನಾನು ಹೇಳಿದ್ರೆ ಯಾರೂ ನಂಬುದಿಲ್ಲ. ನೀನು ಓದಿದವ, ನಿನ್ನ ಮಾತು ನಂಬ್ತಾರೆ." ಅವಳು ನನ್ನಿಂದ ಏನನ್ನಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ನನ್ನ ನೆನಪಿನ ಬೆಲೆ ಏನೆಂದು ಆಗಲೇ ಹೇಳಿದ್ದೇನೆ.

ಎರಡು ಭಾನುವಾರ ಏನೇನೋ ನೆಪ ಹೇಳಿಕೊಂಡು ಹೋಗಲಿಲ್ಲ. ಮೂರನೆಯ ಭಾನುವಾರ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಅಳದಂಗಡಿಗೆ ಹೋದೆ. ಬಾವ ಮನೆಯಲ್ಲಿರಲಿಲ್ಲ. ತಂಗಿಯ ಅತ್ತೆ ಟಿ.ವಿ. ಎದುರು ಕುರ್ಚಿಯಲ್ಲಿ ಕೂತು, ವಾರದಲ್ಲಿ ತಪ್ಪಿದ ಧಾರಾವಾಹಿಯನ್ನು ಮತ್ತೆ ಹಾಕಿದ್ದನ್ನು ನೋಡುತ್ತಿದ್ದರು. ಚಹಾ ಕೊಟ್ಟು ತಂಗಿ ಒಳಗೆ ಹೋದಳು. ಪಾತ್ರೆಯ ಸದ್ದು ನಿಂತದ್ದು ನನಗೆ ಕೇಳಿಸಿತು.

"ಅಮ್ಮ, ಒಂದು ವಿಷಯ. ಆವತ್ತು ನೋಡ್ಲಿಕ್ಕೆ ಬಂದಾಗ ನಾನು ಹೇಳಿದ್ದು ತಪ್ಪು. ಇವಳು ಎಂಟನೇ ಪಾಸು."

"ಎಂತ ಪಾಸು?"

"ಎಂಟನೇ."

ಅವರು ರಿಮೋಟು ಹುಡುಕಿ ಸ್ವರ ಸಣ್ಣ ಮಾಡಿದರು. "ಅದನ್ನು ಹೇಳ್ಲಿಕ್ಕೆ ಬಂಟ್ವಾಳದಿಂದ ಬಂದ್ರಾ ಮಾಷ್ಟ್ರೇ? ಎಷ್ಟು ಮಾರ್ಕು?"

ನನಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬರಬೇಕೆಂದು ಹೊಳೆದಿರಲೂ ಇಲ್ಲ. ಒಳಗಿನಿಂದ ತಂಗಿ ಹೇಳಿದಳು: "ಆರುನೂರಕ್ಕೆ ನಾನೂರ ಮೂವತ್ತೊಂದು. ಲೆಕ್ಕದಲ್ಲಿ ಎಂಬತ್ತೆಂಟು." ಒಂದು ಕ್ಷಣವೂ ಯೋಚಿಸಲಿಲ್ಲ.

"ಅಷ್ಟು ಉಂಟಾ?" ಮುದುಕಿ ಈಗ ಪೂರ್ತಿ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕುಹಕ ಇರಲಿಲ್ಲ. "ಮತ್ತೆ ಯಾಕೆ ಬಿಟ್ಟದ್ದು?"

ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒದ್ದೆ ಕೈಯನ್ನು ಸೀರೆಗೆ ಒರಸುತ್ತ ನನ್ನನ್ನು ನೋಡಿದಳು. ಇದಕ್ಕೆ ಉತ್ತರ ಬಸ್ಸಿನಲ್ಲೇ ಸಿದ್ಧವಾಗಿತ್ತು. ನನ್ನ ಓದಿಗೋಸ್ಕರ ಬಿಡಿಸಿದರು. ಮೂರು ಶಬ್ದ.

"ಮನೆಯಲ್ಲಿ ಸ್ವಲ್ಪ ಕಷ್ಟ ಇತ್ತು," ಎಂದೆ.

"ಕಷ್ಟ ಯಾರ ಮನೆಯಲ್ಲಿ ಇರ್ಲಿಲ್ಲ ಆಗ," ಎಂದು ಮುದುಕಿ ಟಿ.ವಿ.ಯ ಸ್ವರ ದೊಡ್ಡ ಮಾಡಿದರು.

ತಂಗಿ ಬಂದು ನನ್ನ ಚಹಾದ ಲೋಟ ತೆಗೆದುಕೊಂಡಳು. ಆಮೇಲೆ, "ನಿನಗೆ ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದಳು.