ಗಂಗವ್ವನ ಹೇಳಿಕೆ

1999ರಲ್ಲಿ ನಾನು ಹೈದರಾಬಾದಿನ ಕೌಟುಂಬಿಕ ನ್ಯಾಯಾಲಯದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಗಂಡ ಹೆಂಡಿರ ದಾವೆ ವಿಚಾರಣೆಗೆ ಹೋಗುವ ಮೊದಲು ಇಬ್ಬರನ್ನೂ ಕೂರಿಸಿ ಮಾತಾಡಿಸುವುದು, ರಾಜಿ ಸಾಧ್ಯವೇ ಎಂದು ವರದಿ ಕೊಡುವುದು ನನ್ನ ಕೆಲಸ. ನನ್ನ ಊರು ಧಾರವಾಡವಾದ್ದರಿಂದ ಕನ್ನಡದ ಕುಟುಂಬಗಳ ಕಡತಗಳು ನನ್ನ ಮೇಜಿಗೇ ಬರುತ್ತಿದ್ದವು. ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ.

ಮಲ್ಲಿಕಾರ್ಜುನ ವಿಜಾಪುರ ಕಡೆಯವನು, ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆ ಬಿಟ್ಟ ಹೆಂಡತಿ ಶಾರದಾ ಮರಳಿ ಬರುವಂತೆ ಆದೇಶಿಸಬೇಕೆಂದು ಅರ್ಜಿ ಹಾಕಿದ್ದ. ಕಾನೂನಿನಲ್ಲಿ ಇದಕ್ಕೆ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಎನ್ನುತ್ತಾರೆ. ಸಕಾರಣವಿಲ್ಲದೆ ದೂರ ಹೋದ ಸಂಗಾತಿಯನ್ನು ಒಟ್ಟಿಗೆ ಬಾಳಲು ಕರೆಯುವ ದಾರಿ ಅದು. ಇಂಥ ದಾವೆಗಳೆಲ್ಲ ಆ ‘ಸಕಾರಣ’ ಎಂಬ ಒಂದು ಮಾತಿನ ಮೇಲೆ ನಿಂತಿರುತ್ತವೆ.

ಶಾರದಾ ಹೈದರಾಬಾದಿನ ಕುಷಾಯಿಗೂಡದಲ್ಲೇ ಒಂದು ಕನ್ನಡ ಕುಟುಂಬದಲ್ಲಿ ಹುಟ್ಟಿ, ತೆಲುಗಿನಲ್ಲಿ ಹತ್ತನೇ ತರಗತಿ ಓದಿದವಳು. ಸರ್ಕಾರಿ ಬಸ್ಸುಗಳಿಗೆ ಹೆಂಗಸರನ್ನು ಕಂಡಕ್ಟರಾಗಿ ತೆಗೆದುಕೊಳ್ಳುತ್ತಿದ್ದ ಹೊಸ ಕಾಲ. ಅವಳು ಅರ್ಜಿ ಹಾಕಿದಾಗ ಗಂಡ ನಕ್ಕು ಸುಮ್ಮನಿದ್ದ. ಆಯ್ಕೆಯಾಗಿ, ತರಬೇತಿಯೂ ಮುಗಿದು, ಡಿಪೋಗೆ ಹಾಜರಾಗಬೇಕಾದ ಮೊದಲ ದಿನ ಅವಳನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕಿ ಕಾರ್ಖಾನೆಗೆ ಹೋದ. ಅಂದು ಹೋಗದಿದ್ದರೆ ನೇಮಕವೇ ರದ್ದಾಗುವ ಸಾಧ್ಯತೆಯಿತ್ತು. ಅವಳು ಹೇಗೋ ಹೊರಬಿದ್ದು ಕೆಲಸಕ್ಕೆ ಹೋದಳು. ಸಂಜೆ ಮರಳಿದಾಗ ಗಂಡ ಬಾಗಿಲಲ್ಲೇ ತಡೆದ. ಮಕ್ಕಳಿಬ್ಬರೂ ಒಳಗೇ ಉಳಿದರು. ಅವಳು ದಿಲ್‌ಸುಖ್‌ನಗರದಲ್ಲಿ ಬಾಡಿಗೆ ಕೋಣೆ ಹಿಡಿದಳು.

ಅರ್ಜಿಯಲ್ಲಿ ಇನ್ನೊಂದು ವಾಕ್ಯವಿತ್ತು. ಯಾರೋ ಪರಪುರುಷ ಬೀಗ ಒಡೆದು ಅವಳನ್ನು ಕರೆದೊಯ್ದ ಎಂದು. ಅದನ್ನು ನ್ಯಾಯಾಲಯ ನಂಬಿದರೆ ಮಕ್ಕಳು ತಾಯಿಯ ಕೈತಪ್ಪುವುದು ಬಹುಮಟ್ಟಿಗೆ ಖಚಿತ.

ಮಲ್ಲಿಕಾರ್ಜುನ ಕೂಗಾಡುವವನಲ್ಲ. ತಲೆ ತಗ್ಗಿಸಿಯೇ ಹೇಳಿದ: “ಬಸ್ಸಿನ್ಯಾಗ ಗಂಡಸರ ನಡುವ ನುಗ್ಗಿ ಟಿಕೀಟ್ ಹರಿತಾಳ್ರಿ. ಕಾರ್ಖಾನ್ಯಾಗ ಮಂದಿ ನನಗ ‘ಕ್ಯಾ ಕಂಡಕ್ಟರ್ ಸಾಬ್’ ಅಂತಾರ. ನಾ ಹ್ಯಾಂಗ ತಲಿ ಎತ್ತಲಿ?”

ಶಾರದಾ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದಳು. ಬೀಗ ಒಡೆದವರು ಯಾರೆಂದು ನಾನು ಎಷ್ಟು ಸಲ ಕೇಳಿದರೂ ಅವಳದು ಒಂದೇ ಉತ್ತರ: “ಅದೊಂದು ಕೇಳಬ್ಯಾಡ್ರಿ ಮೇಡಮ್. ಕೆಲಸಾ ಬಿಡಂಗಿಲ್ಲ. ಮಕ್ಕಳನ್ನ ಬಿಟ್ಟಿರಾಕೂ ಆಗವಲ್ದು.” ಅವಳ ಮೌನ ಅವಳಿಗೇ ಮುಳುವಾಗುತ್ತಿತ್ತು. ನನಗೂ ಅನುಮಾನ ಬಾರದೆ ಇರಲಿಲ್ಲ.

ಮುಂದಿನ ಭೇಟಿಗೆ ಮಲ್ಲಿಕಾರ್ಜುನ ತನ್ನ ಪರವಾಗಿ ಮಾತಾಡಲೆಂದು, ತನ್ನ ಮನೆಯಲ್ಲೇ ಇದ್ದ ತಾಯಿ ಗಂಗವ್ವನನ್ನು ಕರೆತಂದ. ಅರವತ್ತು ದಾಟಿದ ಹೆಂಗಸು. ಸೆರಗು ತಲೆಯ ಮೇಲೆ ಹೊದ್ದು, ಕುರ್ಚಿಯ ಅಂಚಿನಲ್ಲಿ ಕೂತಳು. ಆಕೆಗೆ ಓದು ಬರುತ್ತಿರಲಿಲ್ಲ. ಮಗ ಏನು ಬರೆಸಿದ್ದಾನೆಂದು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಪರಪುರುಷನ ಮಾತು ಬಂದಾಗ ಆಕೆ ಕೈಯೆತ್ತಿ ನನ್ನನ್ನು ತಡೆದಳು.

“ಅಕ್ಕಾರ, ಆ ಮಾತು ಅಳಸರಿ. ಖಾರ ಕುಟ್ಟೋ ಕಲ್ಲಿಲೆ ಕೀಲಿ ಒಡದಾಕಿ ನಾನು.”

ಎದುರಿಗೆ ಕೂತಿದ್ದ ಶಾರದಾ “ಅತ್ತಿ, ಬ್ಯಾಡ್ರಿ” ಎಂದಳು. ಗಂಗವ್ವ ನಿಲ್ಲಿಸಲಿಲ್ಲ. ಮಗನ ಕಡೆ ತಿರುಗಿದಳು.

“ಈ ಊರಿಗೆ ಬಂದ ಹೊಸದಾಗಿ ನನಗ ದವಾಖಾನ್ಯಾಗ ಆಯಾ ಕೆಲಸ ಸಿಕ್ಕಿತ್ತು. ನಿಮ್ಮಪ್ಪ ಹಿಂಗ ಒಳಗ ಹಾಕಿ ಕೀಲಿ ಜಡದ. ದಿನಾ ಪೂರ್ತಿ ಬಾಗಲಾ ಬಡದೆ. ತಗಿಯಾಕ ಯಾರೂ ಬರಲಿಲ್ಲ. ನೀ ನನ್ನ ತೊಡಿ ಮ್ಯಾಲಿದ್ದಿ.”

ಮಲ್ಲಿಕಾರ್ಜುನ ತಲೆಯೆತ್ತಿ ತಾಯಿಯನ್ನು ನೋಡಿದ. “ಅಕಿ ಹೊರಗ ಹೋದ ದಿನಾ ಕೇಳಿದಾಗ ಮಕ್ಕಳ ಸಾಲಿಗೆ ಹೋಗಿದ್ದೆ ಅಂದಿದ್ದೆಲ್ಲ ಅವ್ವಾ? ಖರೇ ಯಾಕ ಹೇಳಲಿಲ್ಲ?”

“ಹೇಳಿದ್ದರ ನನಗೂ ಕೀಲಿ ಹಾಕ್ತಿದ್ದಿ.”

ಶಾರದಾ ಎದ್ದು ಅತ್ತೆಯ ಪಕ್ಕಕ್ಕೆ ಹೋಗಿ ನಿಂತಳು. ಬೀಗದ ಸಂಗತಿ ಹೊರಬಿದ್ದರೆ ಈ ವಯಸ್ಸಿನಲ್ಲಿ ಅತ್ತೆಗೆ ಮಗನ ಮನೆಯ ಆಸರೆ ತಪ್ಪೀತೆಂದು ಅವಳು ತನ್ನ ಮೇಲಿನ ಕಳಂಕವನ್ನೇ ಸಹಿಸಿದ್ದಳು.

ಮುಂದಿನ ತಿಂಗಳು ಮಲ್ಲಿಕಾರ್ಜುನ ಅರ್ಜಿಯನ್ನು ಹಿಂತೆಗೆದುಕೊಂಡ. ಅಷ್ಟರಲ್ಲಿ ಗಂಗವ್ವ ಮೊಮ್ಮಕ್ಕಳ ಕೈಹಿಡಿದು ದಿಲ್‌ಸುಖ್‌ನಗರದ ಶಾರದಾಳ ಕೋಣೆಗೆ ಹೋಗಿಯಾಗಿತ್ತು. ಮಗ ತಡೆಯಲಿಲ್ಲ. ಬಸ್ಸಿನವರೆಗೆ ಗಂಟು ಹೊತ್ತು ತಂದನಂತೆ. ಶಾರದಾ ಬಾಲಾನಗರದ ಮನೆಗೆ ಮರಳಲಿಲ್ಲ.

ಒಂದು ವರ್ಷದ ಮೇಲೆ ಗಂಗವ್ವ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಮಗನ ವಿಚಾರ ಕೇಳಿದೆ.

“ಐತವಾರ ಬರ್ತಾನ್ರಿ. ಅಕಿ ಡ್ಯೂಟಿಗೆ ಹೋದರ ಅನ್ನಾ ಸಾರು ಮಾಡಿ ಮಕ್ಕಳಿಗೆ ನೀಡ್ತಾನ. ಸಂಜಿಮುಂದ ತಿರುಗಿ ಹೋಗ್ತಾನ. ಅಕಿ ಇನ್ನೂ ಇರು ಅಂದಿಲ್ಲ.”

“ನೀವೊಂದು ಮಾತು ಹೇಳಬಹುದಲ್ಲ?”

“ಅದು ಅಕಿ ಮನಿರಿ ಅಕ್ಕಾರ. ನಾ ಹ್ಯಾಂಗ ಹೇಳಲಿ?”

ಮುರಿದ ಮನೆ ಕೂಡಿಸುವುದೇ ನಮ್ಮ ಕಸುಬಿನ ಯಶಸ್ಸೆಂದು ನಮಗೆಲ್ಲ ಕಲಿಸಿದ್ದರು. ಆ ಅಳತೆಯಲ್ಲಿ ಈ ಪ್ರಕರಣ ಸೋಲೇ. ಆದರೆ ಮುಂದೆ ನಿವೃತ್ತಳಾಗುವವರೆಗೂ, ಮನೆ ಬಿಟ್ಟು ಬಂದ ಹೆಣ್ಣನ್ನು ಯಾವಾಗ ಮರಳುತ್ತೀಯ ಎಂದು ನಾನು ಮೊದಲು ಕೇಳಲಿಲ್ಲ. ಆ ಮನೆಯಲ್ಲಿ ಏನು ನಡೆಯಿತೆಂದು ಕೇಳಿದೆ. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ಹಿರಿಯ ಹೆಂಗಸರನ್ನೂ ಒಳಗೆ ಕರೆದು ಕೇಳಿದೆ. ಅವರಲ್ಲಿ ಹೆಚ್ಚಿನವರನ್ನು ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ.