ಬಾವಿ ಮರದ ಮೊದಲ ಬುಟ್ಟಿ

೨೦೦೭ರ ಮೇ ತಿಂಗಳ ಒಂದು ಗುರುವಾರ, ಊಟದ ಬಿಡುವಿನಲ್ಲಿ, ಕಾರವಾರದ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಆರ್ಕುಟ್ ತೆರೆದೆ. ಸರಕಾರ ಕ್ಷಮಿಸಲಿ, ಮೇಜಿನ ಮೇಲೆ ಊಟದ ಡಬ್ಬಿಯೊಂದೇ ನನ್ನದು, ಉಳಿದದ್ದೆಲ್ಲ ಅದರದೇ. ನನ್ನ ಪುಟದಲ್ಲಿ ಗೆಳತಿ ಹೀರಾ ಬರೆದ ಒಂದು ಸ್ಕ್ರ್ಯಾಪು ಕಾದಿತ್ತು. ಸ್ಕ್ರ್ಯಾಪು ಎಂದರೆ ಊರವರಿಗೆ ಗುಜರಿ, ಆರ್ಕುಟ್‌ನವರಿಗೆ ಮಾತ್ರ ಪತ್ರ. ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಕನ್ನಡ: "ನಿನ್ನ ಸೊಂಟನೋವು ಹೇಗಿದೆ? ಬಾವಿ ಮರದ ಇಶಾಡು ಇಳಿಸುತ್ತಿದ್ದೇವೆ. ಮೊದಲ ಬುಟ್ಟಿ ನಿನಗೇ ಎಂದು ಎತ್ತಿಟ್ಟಿದ್ದೇನೆ. ಯಾರಿಗೂ ಹೇಳಬೇಡ."

ಅಂಕೋಲೆಯ ಇಶಾಡು ಮಾವನ್ನು ತಿಂದವರಿಗೆ ಆ ಮೊದಲ ಬುಟ್ಟಿಯ ಮಾನ ಏನೆಂದು ಗೊತ್ತು. ನನ್ನ ಸೊಂಟ ಅರ್ಧ ವಾಸಿಯಾಯಿತು. ಜಂಬ ತಡೆಯಲಾರದೆ, ನಮ್ಮಿಬ್ಬರಿಗೂ ಪರಿಚಯದ ನಿಶಾ ಎಂಬ ಕಾಲೇಜು ಉಪನ್ಯಾಸಕಿಯ ಪುಟಕ್ಕೆ ಹೋದೆ, ಆಕೆಗೆ ಸ್ವಲ್ಪ ಹೊಟ್ಟೆ ಉರಿಸೋಣವೆಂದು. ಅಲ್ಲಿ ನೋಡಿದರೆ: "ನಿಮ್ಮ ತಾಯಿಯ ಮಂಡಿ ಹೇಗಿದೆ? ಬಾವಿ ಮರದ ಇಶಾಡು ಇಳಿಸುತ್ತಿದ್ದೇವೆ. ಮೊದಲ ಬುಟ್ಟಿ ನಿಮಗೇ ಎಂದು ಎತ್ತಿಟ್ಟಿದ್ದೇನೆ. ಯಾರಿಗೂ ಹೇಳಬೇಡಿ." ಮಾಜಾಳಿಯಿಂದ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗುವ ಸಂದೀಪನ ಪುಟದಲ್ಲಿ ಮಂಡಿಯ ಜಾಗದಲ್ಲಿ ಬಸ್ಸಿನ ವಿಚಾರಣೆ ಇತ್ತು. ಬುಟ್ಟಿ ಮಾತ್ರ ಅದೇ. ಒಟ್ಟು ಮೂವತ್ತೊಂದು ಪುಟಗಳು. ನೋವುಗಳು ಬೇರೆ ಬೇರೆ, ಬುಟ್ಟಿ ಒಂದೇ.

ಆರ್ಕುಟ್‌ನಲ್ಲಿ ಒಬ್ಬರ ಪುಟಕ್ಕೆ ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ಹೀರಾ ಅದನ್ನು ಅಂಟು ಹಚ್ಚಿ ಮುಚ್ಚಿದ ಲಕೋಟೆ ಎಂದುಕೊಂಡಿದ್ದಳು.

ಹೀರಾ ಹುಟ್ಟಿದ್ದು ಕಾರವಾರ ತಾಲೂಕಿನ ಕಿನ್ನರದಲ್ಲಿ. ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅಲ್ಲಿ ಪತ್ರಲೇಖನ ಕಲಿಸಿದ ಸಿಸ್ಟರ್ ಒಬ್ಬರು, "ಯಾರಿಗೆ ಬರೆಯುತ್ತೀರೋ ಅವರೊಬ್ಬರೇ ಈ ಭೂಮಿಯ ಮೇಲೆ ಇದ್ದಾರೆ ಎನ್ನುವ ಹಾಗೆ ಬರೆಯಿರಿ" ಎನ್ನುತ್ತಿದ್ದರು. ನಾನು ಮರೆತೆ, ಹೀರಾ ಮರೆಯಲಿಲ್ಲ. ಆಮೇಲೆ ಟೈಪಿಂಗ್ ಕಲಿತಳು, ಅದನ್ನೇ ನಾಲ್ಕು ವರ್ಷ ಕಲಿಸಿದಳು, ಮದುವೆಯಾಗಿ ಅಂಕೋಲೆಯ ಆಚೆಯ ಹಳ್ಳಿಗೆ ಹೋದಳು. ಗಂಡ ಮಾದೇವ ಪಂಚಾಯತಿಯಲ್ಲಿ ನೌಕರ, ಮನೆಯ ಹಿಂದೆ ಒಂಬತ್ತು ಇಶಾಡು ಮರ, ಅವುಗಳಲ್ಲಿ ಬಾವಿಯ ಪಕ್ಕದ ಮರದ ಹಣ್ಣೇ ಎಲ್ಲಕ್ಕಿಂತ ರುಚಿ. ಟೈಪ್‌ರೈಟರುಗಳು ಮೂಲೆ ಸೇರಿದ ಮೇಲೆ ಅವಳ ಬೆರಳುಗಳಿಗೆ ಕೆಲಸವಿರಲಿಲ್ಲ. ಅಂಕೋಲೆ ಪೇಟೆಗೆ ಸೈಬರ್ ಸೆಂಟರ್ ಬಂದದ್ದೇ ಅವು ಮತ್ತೆ ಎದ್ದು ಕೂತವು. ಬೇರೆಯವರು ಒಂದು ತಾಸಿನಲ್ಲಿ ಒಂದು ಪತ್ರಕ್ಕೆ ಅಕ್ಷರ ಹುಡುಕುತ್ತಿದ್ದರೆ ಇವಳು ಹತ್ತು ಮುಗಿಸಿ ಏಳುತ್ತಿದ್ದಳು.

ಇಶಾಡಿನ ದೋಷ ಅದರ ಗುಣದಲ್ಲೇ ಇದೆ. ಸಿಪ್ಪೆ ತೆಳು, ರಸ ಹೆಚ್ಚು. ಹಣ್ಣಾದರೆ ಮೂರು ದಿನ, ಹೆಚ್ಚೆಂದರೆ ನಾಲ್ಕು. ಅಲ್ಲಿಯವರೆಗೆ ಹುಲ್ಲಿನಲ್ಲಿಟ್ಟು ಕಾಯಬೇಕು. ಕಾಯಿ ಎಂಬ ಹೆಸರೇ 'ಕಾಯಿ' ಎನ್ನುತ್ತದೆ. ಹಣ್ಣಾದ ಮೇಲೆ ಮಾತ್ರ ಅದು ಯಾರನ್ನೂ ಕಾಯುವುದಿಲ್ಲ. ಆ ಭಯಕ್ಕೇ ಊರಿನವರು ಹೂ ಬಿಡುವ ಮೊದಲೇ ಮರಗಳನ್ನು ಗುತ್ತಿಗೆದಾರನಿಗೆ ಒಪ್ಪಿಸಿ, ಅವನು ಹೇಳಿದ ದರಕ್ಕೆ ತಲೆಯಾಡಿಸುತ್ತಿದ್ದರು. ಹೀರಾ ಆ ವರ್ಷ ಮೊದಲ ಬಾರಿ ಇಲ್ಲ ಎಂದಿದ್ದಳು. ಆರ್ಕುಟ್‌ನಲ್ಲಿ ಇಶಾಡಿನ ಹೆಸರಲ್ಲೊಂದು ಕಮ್ಯೂನಿಟಿ ತೆರೆದಳು. ಯಾರದೋ ಕ್ಯಾಮೆರಾ ಕೇಳಿ ತಂದು ಮರ, ಹೂವು, ಹೀಚು ಎಲ್ಲ ಹಿಡಿದಳು. ಆಗ ಅಲ್ಲಿ ಒಬ್ಬರಿಗೆ ಹನ್ನೆರಡೇ ಚಿತ್ರ ಹಾಕಲು ಬಿಡುತ್ತಿದ್ದರು. ಮಾವಿನಂತೆ ಅದೂ ಡಜನ್ ಲೆಕ್ಕ. ಕಾರವಾರದ ನೌಕರರು, ಮುಂಬಯಿಯಿಂದ ರಜೆಗೆ ಬರುವವರು, ಗೋವಾಕ್ಕೆ ಹೋಗಿಬರುವವರು ಸೇರಿದರು. ಯಾರ ಪ್ರಶ್ನೆಗೂ ಅವಳು ಉತ್ತರ ಬಾಕಿ ಇಡಲಿಲ್ಲ. ಹಣ್ಣು ಕೊಳ್ಳುತ್ತೇವೆ ಎಂದು ಖಚಿತವಾಗಿ ಹೇಳಿದ ಮೂವತ್ತೊಂದು ಜನರನ್ನು ನಂಬಿ ಒಂಬತ್ತು ಮರ ಕೈಯಲ್ಲಿಟ್ಟುಕೊಂಡಿದ್ದಳು.

ಗುರುವಾರ ಸಂಜೆಯ ಹೊತ್ತಿಗೆ ಆ ಮೂವತ್ತೊಂದು ಜನ ಒಬ್ಬರ ಪುಟ ಒಬ್ಬರು ಓದಿ ಮುಗಿಸಿದ್ದರು. ಕಮ್ಯೂನಿಟಿಯಲ್ಲಿ ಸಂದೀಪ ಬರೆದ: "ಹೀರಕ್ಕಾ, ನಿಮ್ಮ ಬಾವಿ ಮರಕ್ಕೆ ಎಷ್ಟು ಸಲ ಮೊದಲು?" ಇನ್ನೊಬ್ಬರು, "ನನ್ನದು ಮೂವತ್ತೆರಡನೇ ಮೊದಲ ಬುಟ್ಟಿ ಇರಲಿ" ಎಂದರು. ನಿಶಾ ತಮಾಷೆ ಮಾಡಲಿಲ್ಲ. "ನನ್ನ ತಾಯಿಯ ಮಂಡಿಯನ್ನು ವ್ಯಾಪಾರಕ್ಕೆ ಬಳಸಬಾರದಿತ್ತು" ಎಂದು ಒಂದೇ ಸಾಲು ಬರೆದಿದ್ದಳು.

ಶುಕ್ರವಾರ ರಜೆ ಹಾಕಿ ಅಂಕೋಲೆ ಬಸ್ಸು ಹತ್ತಿದೆ. ಹೀರಾ ಪೇಟೆಯಲ್ಲೇ ಸಿಕ್ಕಳು, ತಿಮ್ಮಿಯ ಬುಟ್ಟಿಗಳ ಪಕ್ಕದಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ತಿಮ್ಮಿ ಮೂವತ್ತು ವರ್ಷದಿಂದ ಅದೇ ಜಾಗದಲ್ಲಿ ಸೊಪ್ಪು, ತರಕಾರಿ, ಹಣ್ಣು ಮಾರುವವಳು. ವ್ಯಾಪಾರದ ಮಾತನ್ನು ಹೀರಾ ಕಲಿತದ್ದೇ ಅವಳ ಬಾಯಿಂದ.

"ನಾ ಎಂತ ಸುಳ್ಳು ಹೇಳ್ದ್ನೇ ಮಾರಾಯ್ತಿ?" ಎಂದಳು ಹೀರಾ ನನ್ನನ್ನು ಕಂಡಕೂಡಲೆ. "ಎಲ್ಲರಿಗೂ ಒಳ್ಳೇದೇ ಕೊಡ್ಬೇಕಂತಿತ್ತು. ಮಂಡಿನೋವು ಕೇಳಿದ್ದೂ ಖರೇನೇ. ನಿಂದು ಸೊಂಟ ಕೇಳ್ಲಿಲ್ವಾ ನಾನು?"

"ಕೇಳಿದ್ದೆ. ಬುಟ್ಟಿ ನೋಡಿ ಮತ್ತೆ ಹಿಡ್ಕೊಂಡಿತು."

ಅವಳು ನಗಲಿಲ್ಲ. ನಕ್ಕವಳು ತಿಮ್ಮಿ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಕೂತಳು. ತಿಮ್ಮಿ ಹುಲ್ಲಿನಡಿ ಕೈ ಹಾಕಿ ನಾಲ್ಕು ಚಿಕ್ಕು ಹಣ್ಣು ತೆಗೆದು, "ನಿಂಗೇ ಅಂತ ಎತ್ತಿಟ್ಟದ್ದು ತಂಗೀ, ಬೇರೆಯವ್ರಿಗೆ ತೋರಸಲೇ ಇಲ್ಲ" ಎಂದಳು. ಆ ಹೆಂಗಸು ಸಂತೋಷದಿಂದ ಕೊಂಡು ಹೋದಳು. ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಇನ್ನೊಬ್ಬಳಿಗೂ ಅದೇ ಹುಲ್ಲು, ಅದೇ ಮಾತು. ಅವಳೂ ಸಂತೋಷದಿಂದಲೇ ಕೊಂಡಳು.

"ನೋಡ್ದ್ಯಾ?" ಎಂದಳು ಹೀರಾ. "ಇವ್ಳಿಗೆ ಯಾರಾದ್ರೂ ಕೇಳ್ತಾರಾ, ಎಷ್ಟು ಜನರಿಗೆ ಎತ್ತಿಟ್ಟಿದ್ದಿ ಅಂತ?"

ತಿಮ್ಮಿ ಎಲೆಅಡಿಕೆಯ ಕವಳ ಉಗಿದು ಬಂದು ಕೂತಳು. "ನಾ ಹೇಳಿದ್ದು ಬಾಯಲ್ಲಿ ತಂಗೀ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋತದೆ. ನೀ ಬರ್ದು ಕೊಟ್ಯಲೇ! ಅದ್ನ ಯಾರಾದ್ರೂ ಬರ್ದು ಕೊಡ್ತ್ರಾ?"

ನನಗೆ ಆ ಮಾತು ಇಂದಿಗೂ ಕೊರೆಯುತ್ತದೆ. ಪೇಟೆಯಲ್ಲಿ "ನಿಮಗೇ" ಎನ್ನುವುದು ನಮಸ್ಕಾರದ ಹಾಗೆ. ಹೇಳದಿದ್ದರೆ ಬೇಜಾರು, ಹೇಳಿದರೆ ಯಾರೂ ಹಿಡಿದು ಜಗ್ಗುವುದಿಲ್ಲ. ಅದೇ ಮಾತು ತಾರೀಕು, ಗಂಟೆ, ನಿಮಿಷದ ಸಮೇತ ಪರದೆಯ ಮೇಲೆ ಕೂತರೆ ಕರಾರುಪತ್ರವಾಗುತ್ತದೆ. ಅಲ್ಲಿ ಹುಲ್ಲಿಲ್ಲ, ಅಡಿಯಲ್ಲಿ ಕೈ ಹಾಕುವ ಸದ್ದಿಲ್ಲ, ಕಣ್ಣಂಚಿನ ನಗು ಇಲ್ಲ. ಮಾತಿನ ಸಿಪ್ಪೆ ಇಶಾಡಿಗಿಂತ ತೆಳುವಾಗಿಬಿಡುತ್ತದೆ.

"ಎಲ್ಲಾ ಅಳಿಸಿಬಿಡು" ಎಂದೆ.

"ಪರದೆ ಮೇಲಿಂದು ಅಳಿಸ್ಬಹುದು. ನಿಶಾ ಅಕ್ಕೋರ ಮನಸ್ಸಲ್ಲಿದ್ದದ್ದು?"

ಮನೆಗೆ ಹೋದೆವು. ಮಾದೇವ ಜಗುಲಿಯ ಮೇಲೆಯೇ ಸುದ್ದಿ ಹಿಡಿದು ಕೂತಿದ್ದ. ಗುತ್ತಿಗೆದಾರ ಮತ್ತೆ ಬಂದಿದ್ದನಂತೆ. ಒಂಬತ್ತೂ ಮರ ಪೂರಾ ಕೊಡಿ, ಹೋದ ವರ್ಷಕ್ಕಿಂತ ಹೆಚ್ಚಿಗೆ ಕೊಡುತ್ತೇನೆ, ನಾಳೆ ಸಂಜೆಯೊಳಗೆ ಹೇಳಿ ಎಂದನಂತೆ. ತನ್ನ ಕೈತಪ್ಪಿಹೋದ ಮರಗಳಿಗಾಗಿ ಅವನು ತಾನಾಗಿ ಬಂದದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಆರ್ಕುಟ್‌ನ ಕೀರ್ತಿ ಅವನ ಕಿವಿಗೂ ಬಿದ್ದಿರಬೇಕು ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ.

"ಕೊಟ್ಟುಬಿಡ್ವ ಮಾರಾಯ್ತಿ" ಎಂದ ಮಾದೇವ. "ನಿಂಗೂ ಮಂಡೆಬಿಸಿ ಇಲ್ಲ. ಅವ್ರೆಲ್ಲ ಸಿಟ್ಟಲ್ಲಿದ್ರು. ಅವ್ರು ಬಾರ್ದೇ ಇದ್ರೆ ಇಷ್ಟು ಹಣ್ಣು ಎಂತ ಮಾಡ್ತ್ಯೆ? ಮೂರು ದಿನ, ಆಮೇಲೆ ನೊಣಕ್ಕೆ."

ಹೀರಾ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋದಳು. ನೆಲದ ತುಂಬ ಹುಲ್ಲು, ಹುಲ್ಲಿನ ತುಂಬ ಇಶಾಡು. ಆ ವಾಸನೆಯಲ್ಲಿ ನಿಂತವರಿಗೆ ಯಾವ ನಿರ್ಧಾರವೂ ಸುಲಭವಲ್ಲ. ಒಂದು ಹಣ್ಣನ್ನು ಮೂಸಿ, ಒತ್ತಿ ನೋಡಿ, ಮತ್ತೆ ಇಟ್ಟಳು. ಈಗ ಗುತ್ತಿಗೆದಾರನಿಗೆ ಕೊಟ್ಟರೆ ಮೂವತ್ತೊಂದು ಜನರಿಗೆ ಅವಳ ಮಾತು ಗುಜರಿಯೇ ಎಂದು ಖಚಿತವಾಗುತ್ತದೆ. ಬರುವ ವರ್ಷದಿಂದ ಮತ್ತೆ ಅವನ ದರ, ಅವನ ದಯೆ. ಕೊಡದೆ ಇದ್ದು ಅವರು ಬಾರದಿದ್ದರೆ ಮಾದೇವ ಹೇಳಿದ ನೊಣ.

"ಬಾವಿ ಮರದ್ದು ಎಷ್ಟು ಹಣ್ಣು ಅದೆ?" ಎಂದು ಗಂಡನನ್ನು ಕೇಳಿದಳು.

"ಇನ್ನೂರರ ಮೇಲೆ ಇರ್ಬಹುದು. ಎಂತಕ್ಕೆ?"

"ಬರ್ದು ಕೊಟ್ಟಿದ್ದೆ ಅಲ್ವಾ?"

ಸಂಜೆ ಸೈಬರ್ ಸೆಂಟರಿನಲ್ಲಿ ಅವಳ ಪಕ್ಕ ಕೂತೆ. ಹಿಂದಿನ ಯಾವುದನ್ನೂ ಅವಳು ಅಳಿಸಲಿಲ್ಲ. ಕಮ್ಯೂನಿಟಿಯಲ್ಲಿ, ಎಲ್ಲರಿಗೂ ಕಾಣುವಂತೆ, ಬರೆದಳು: "ಮೊದಲ ಬುಟ್ಟಿ ಮೂವತ್ತೊಂದು ಜನರಿಗೆ ಕೊಡುತ್ತೇನೆಂದು ಬರೆದಿದ್ದೇನೆ. ಬರೆದದ್ದು ನಾನೇ. ಬಾವಿ ಮರದ ಹಣ್ಣನ್ನೆಲ್ಲ ಮೂವತ್ತೊಂದು ಪಾಲು ಮಾಡಿ ಪ್ರತಿ ಬುಟ್ಟಿಯ ಮೇಲೆ ಇಡುತ್ತೇನೆ. ಅಡಿಯಲ್ಲಿ ಉಳಿದ ಮರದ್ದು. ಭಾನುವಾರ ಹತ್ತು ಗಂಟೆಗೆ ನಮ್ಮ ಅಂಗಳದಲ್ಲಿ. ಎಲ್ಲರೂ ಒಟ್ಟಿಗೇ ಬಂದರೆ ಎಲ್ಲರೂ ಮೊದಲು." ಕೊನೆಗೆ ಸೇರಿಸಿದಳು: "ನಿಶಾ ಅಕ್ಕೋರೇ, ಮಂಡಿಯ ವಿಷಯ ಕೇಳಿದ್ದು ಹಣ್ಣು ಮಾರಲಿಕ್ಕಲ್ಲ. ಆದರೆ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದದ್ದು ನನ್ನ ತಪ್ಪು."

ಶನಿವಾರ ಸಂಜೆ ಗುತ್ತಿಗೆದಾರನಿಗೆ ಇಲ್ಲ ಎಂದು ಹೇಳಿ ಕಳಿಸಿದಳು. ಮಾದೇವ ರಾತ್ರಿ ಸಿಟ್ಟಿನಲ್ಲೇ ಊಟ ಮುಗಿಸಿದನಂತೆ. ನಾನು ಮರುದಿನ ಕಾರವಾರದಿಂದ ಮೊದಲ ಬಸ್ಸಿಗೇ ಹೊರಟೆ.

ಭಾನುವಾರ ಒಂಬತ್ತೂವರೆಗೇ ಸಂದೀಪನ ಮೋಟಾರ್‌ಸೈಕಲ್ ಬಂತು. ಹತ್ತಕ್ಕೆ ಅಂಗಳದಲ್ಲಿ ಹದಿನೈದು ಜನ. ಬುಟ್ಟಿಗಳು ಸಾಲಾಗಿ ಇದ್ದವು, ಪ್ರತಿಯೊಂದರ ಮೇಲೆ ಬಾವಿ ಮರದ ಏಳು ಹಣ್ಣು. ಅದುವರೆಗೆ ಹೆಸರು ಮಾತ್ರ ಗೊತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿ, "ಓ, ಬಸ್ಸಿನವ್ರು ನೀವಾ?" "ಸೊಂಟ ನಿಮ್ಮದಾ?" ಎಂದು ಪರಿಚಯ ಮಾಡಿಕೊಂಡರು. ನಿಶಾ ಹನ್ನೊಂದೂವರೆಗೆ ಬಂದಳು, ರಿಕ್ಷಾದಲ್ಲಿ ತಾಯಿಯನ್ನೂ ಕೂರಿಸಿಕೊಂಡು. ಮುದುಕಿ ಇಳಿಯುತ್ತಲೇ, "ನನ್ನ ಮಂಡಿ ವಿಚಾರಿಸಿದ ಹುಡುಗಿ ಯಾರು? ಮನೆಯಲ್ಲಿ ಯಾರೂ ಕೇಳೂದಿಲ್ಲ" ಎಂದಳು. ನಿಶಾಳ ಮುಖ ಬಾವಿ ಮರದ ಹಣ್ಣಿನ ಬಣ್ಣಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದೂ ಬುಟ್ಟಿ ಖಾಲಿ. ಕೆಲವರು ಇನ್ನೊಂದು ವಾರದ ಹಣ್ಣಿಗೂ ಹೆಸರು ಹೇಳಿ ಹೋದರು.

ಈ ಕಥೆಯನ್ನು ನಾನು ಕಾರವಾರದಲ್ಲಿ ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ಹೇಳುತ್ತಾ ಹೇಳುತ್ತಾ ಅದಕ್ಕೊಂದು ತತ್ತ್ವವೂ ಬೆಳೆಯಿತು: ತಪ್ಪನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡವರನ್ನು ಗಿರಾಕಿ ಬಿಟ್ಟು ಹೋಗುವುದಿಲ್ಲ. ಮೊನ್ನೆ, ಅಂದರೆ ಎರಡು ವರ್ಷದ ನಂತರ, ಕಾರವಾರದ ಸಣ್ಣ ವ್ಯಾಪಾರಿಗಳು ಸೇರಿ ಇಂಟರ್‌ನೆಟ್‌ನಲ್ಲಿ ಗಿರಾಕಿಗಳನ್ನು ಹಿಡಿಯುವ ಬಗ್ಗೆ ಒಂದು ಸಭೆ ಇಟ್ಟುಕೊಂಡರು. ಈಗ ಫೇಸ್‌ಬುಕ್ ಬಂದು ಆರ್ಕುಟ್ ಹಣ್ಣು ಕೊಳೆಯತೊಡಗಿದೆ. ಅಂಗಡಿಯವರಿಗೆಲ್ಲ ಅದರ ಅವಸರ. ಹುಬ್ಬಳ್ಳಿಯಿಂದ ಬಂದವರೊಬ್ಬರು ಪರದೆಯ ಮೇಲೆ ಬಾಣದ ಗುರುತುಗಳನ್ನು ತೋರಿಸಿದರು. ಆಮೇಲೆ ನಾನು ಹೀರಾಳನ್ನು ಪರಿಚಯಿಸಿ, ವಿಶ್ವಾಸದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಹುಬ್ಬಳ್ಳಿಯವರು ನನ್ನ ತತ್ತ್ವವನ್ನು ಬರೆದುಕೊಂಡರು.

ಬಟ್ಟೆ ಅಂಗಡಿ ಇಟ್ಟಿರುವ ದೀಕ್ಷಾ ಎಂಬ ತರುಣಿ ಎದ್ದು ನಿಂತಳು. "ಹೀರಕ್ಕಾ, ಅಷ್ಟು ಸಿಟ್ಟಾದವರು ಒಬ್ಬರೂ ತಪ್ಪದೆ ಮತ್ತೆ ಬಂದ್ರಲ್ಲ, ಅದರ ಗುಟ್ಟು ಎಂತದು?"

ಹೀರಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಗುಟ್ಟು ಎಂತದೂ ಇಲ್ಲ ತಂಗೀ. ಆ ವರ್ಷ ಹೂ ಬಿಡುವಾಗ ಮೋಡ ಹಾಕಿ, ನಮ್ಮ ಕಡೆಯ ಮರಗಳ ಹೂವೆಲ್ಲ ಕರಟಿಹೋಗಿತ್ತು. ಕಾಯಿ ಬಿಟ್ಟಿದ್ದು ನಮ್ಮ ಒಂಬತ್ತೇ. ಇಶಾಡು ತಿನ್ಬೇಕಾದ್ರೆ ಅವ್ರು ಮತ್ತೆಲ್ಲಿಗೆ ಹೋಗ್ತಿದ್ರು?"