ಎರೆಯುವ ಕೈ

ನಮ್ಮ ಬಿಳಿಗೆರೆಯಲ್ಲಿ ಈಗ ಬೈಕು ಓಡಿಸಿಕೊಂಡು ಮೀಸೆ ತಿರುವುವ ಹುಡುಗರನ್ನೆಲ್ಲ ಒಂದು ಕಾಲದಲ್ಲಿ ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಎರೆದವಳು ಪುಟ್ಟಗಂಗಮ್ಮ. ನನ್ನ ಇಬ್ಬರು ಮಕ್ಕಳಿಗೂ ಅವಳೇ ಎರೆದದ್ದು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿ ಕೂತಳೆಂದರೆ ಅವಳ ಗತ್ತೇ ಬೇರೆ. ಹೆತ್ತವಳೂ ಸೇರಿ ಯಾರೂ ಬಾಯಿ ಹಾಕುವಂತಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಕೈಕಾಲು ನೀವುವಳು, ಮೂಗು ತಿದ್ದುವಳು, ಹಂಡೆಯಿಂದ ಮೊಗೆದ ನೀರನ್ನು ಮೊದಲು ತನ್ನ ಕೈಮೇಲೆ ಸುರಿದುಕೊಂಡು ನೋಡಿ ಆಮೇಲೆ ಮಗುವಿನ ಮೈಮೇಲೆ ಬಿಡುವಳು. ಮಗು ಕಿಟಾರನೆ ಕಿರುಚಿದರೆ, "ಅಳು ಮಗ, ಅತ್ತಷ್ಟೂ ಎದೆ ಗಟ್ಟಿಯಾಯ್ತದೆ" ಅನ್ನುವಳು. ಸಾಂಬ್ರಾಣಿ ಹೊಗೆ ಕೊಟ್ಟು ಹಳೇ ಸೀರೆಯಲ್ಲಿ ಸುತ್ತಿ ಮಲಗಿಸಿದರೆ ಮಧ್ಯಾಹ್ನದ ತನಕ ಮಗುವಿನ ಸದ್ದಿರುತ್ತಿರಲಿಲ್ಲ.

ಬಾಣಂತಿಯರಿಗೆ ಎರೆಯುವ ನೀರಂತೂ ಕೇಳಬೇಡಿ. ಹಂಡೆಯ ಬಾಯಿಂದ ಹಬೆ ಏಳುತ್ತಿರಬೇಕು, ಒಲೆಯಲ್ಲಿ ತೆಂಗಿನ ಮಟ್ಟೆ ನಿಗಿನಿಗಿ ಉರಿಯುತ್ತಿರಬೇಕು. ಆ ನೀರಿಗೆ ದಿನಾ ಕೈ ಅದ್ದಿ, ದಿನಾ ಸೀಗೇಕಾಯಿ ಕಲಸಿ, ಕಡಲೆಹಿಟ್ಟು ಉಜ್ಜಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಒದ್ದೆ ಕೈಯಲ್ಲೇ ಓಡುತ್ತಿದ್ದಳು. ಗಂಡ ಚಿಕ್ಕಣ್ಣ ತೀರಿಕೊಂಡ ಮೇಲೆ ಇರುವ ನಾಲ್ಕು ತೆಂಗಿನ ಮರ ನಂಬಿಕೊಂಡು ಮಗಳನ್ನು ಓದಿಸಲು ಆಗುತ್ತಿರಲಿಲ್ಲ. ಮಗಳು ನಯನ ಕಾಲೇಜು ಮುಗಿಸಿದ್ದು ಈ ಊರಿನ ಮಕ್ಕಳ ಸ್ನಾನದಿಂದ ಅಂದರೆ ತಪ್ಪಿಲ್ಲ.

ನವೆ ಮೊದಲು ಬಂದದ್ದು ಬೆರಳ ಸಂದಿಗೆ. ಆಮೇಲೆ ಅಂಗೈ ಒಣಗಿತು, ಹಳೇ ರೊಟ್ಟಿಯ ಅಂಚಿನ ಹಾಗೆ ಒರಟಾಯಿತು, ಗೆರೆಗೆರೆಯಲ್ಲೂ ಸೀಳಿತು. ಮೆಣಸಿನಕಾಯಿ ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಕೆರೆದುಕೊಳ್ಳಬಾರದು ಎಂದು ಗೊತ್ತಿದ್ದೂ ಗೋಡೆಗೆ, ಕಂಬಕ್ಕೆ, ಕೊನೆಗೆ ಚಾಪೆಯ ಅಂಚಿಗೆ ಉಜ್ಜಿಕೊಳ್ಳುತ್ತಿದ್ದಳು. ನನಗನಿಸುವುದು, ನೋವಿಗಾದರೂ ಲೋಕದಲ್ಲಿ ಒಂದು ಮರ್ಯಾದೆ ಇದೆ. ಕಾಲು ಮುರಿದುಕೊಂಡು ಮಲಗಿದರೆ ಜನ ಹಣ್ಣು ತಗೊಂಡು ನೋಡಲು ಬರುತ್ತಾರೆ. ನವೆ ಅಂದವರ ಮನೆಗೆ ಯಾರು ಬರುತ್ತಾರೆ? ಕೂತಿದ್ದವರೂ ಎದ್ದು ಹೋಗುತ್ತಾರೆ.

ಮದ್ದು ಹೇಳುವವರಿಗೇನೂ ಕಮ್ಮಿ ಇರಲಿಲ್ಲ. ನಮ್ಮ ಸೀಮೆಯಲ್ಲಿ ಕಾಲು ಉಳುಕಿದರೂ ಎಣ್ಣೆ, ತಲೆ ನೋವಿಗೂ ಎಣ್ಣೆ. ಗಂಡ ಹೆಂಡಿರ ಜಗಳಕ್ಕೂ ಎಣ್ಣೆ ಹಚ್ಚಿ ಅನ್ನದಿರುವುದೇ ಪುಣ್ಯ. "ಕೊಬ್ಬರಿ ಎಣ್ಣೆ ಹಚ್ಕೊಳೇ" ಎಂದು ಎಲ್ಲರೂ ಹೇಳಿದರು, ಅವಳು ಹಚ್ಚಿಕೊಂಡಳು, ಬೆಳಿಗ್ಗೆ ಎದ್ದು ಸೀಗೇಕಾಯಿ ಕಲಸಲು ಹೋದಳು. ಬೇವಿನ ಸೊಪ್ಪು, ಅರಿಶಿನ ಎಲ್ಲ ಆಯಿತು. ಮೆಡಿಕಲ್ ಸ್ಟೋರಿನವನು ಕೊಟ್ಟ ಟ್ಯೂಬು ಹಚ್ಚಿದ ವಾರ ಮಾಯ, ಬಿಟ್ಟ ವಾರ ಎರಡರಷ್ಟು. ಅವಳಿಗೆ ನಿಜವಾಗಿ ಹಿತ ಕೊಡುತ್ತಿದ್ದದ್ದು ಒಂದೇ, ಕುದಿಯುವ ನೀರು.

"ಬಿಸಿನೀರು ಸುರಕಂಡ್ರೆ ಹೆಂಗಾಯ್ತದೆ ಗೊತ್ತಾ ಮಂಗ್ಳಮ್ಮ? ನವೆಯೆಲ್ಲ ಒಂದೇ ಸಲ ಜುಮ್ ಅಂದು ಇಳ್ದೋಯ್ತದೆ. ದೇವ್ರು ಬಂದು ಕೈ ಹಿಡ್ಕಂಡಂಗೆ" ಎಂದು ನನ್ನ ಹತ್ತಿರ ಅನ್ನುತ್ತಿದ್ದಳು. ದೇವರು ಹೋದ ಮೇಲೆ ಕೈ ಇನ್ನಷ್ಟು ಒಣಗಿ ಬಿರಿಯುತ್ತಿತ್ತು. ಮತ್ತೆ ಬಿಸಿನೀರು ಬೇಕಾಗುತ್ತಿತ್ತು.

ಒಂದೊಂದೇ ಮನೆಯವರು ಕರೆಯುವುದು ಬಿಟ್ಟರು. ಮುಖದ ಮೇಲೆ ಹೇಳಿದವರು ಯಾರೂ ಇಲ್ಲ. "ಈಗೆಲ್ಲ ನಾವೇ ಎರಕಂತೀವಿ ಗಂಗಕ್ಕ, ಮೊಬೈಲಲ್ಲಿ ತೋರ್ಸ್ತಾರೆ" ಎನ್ನುವರು. ಹಿಂದಿನಿಂದ "ಗಜ್ಜಿ ಕೈ" ಎನ್ನುವರು. ಅದೇ ಕೈಯಲ್ಲಿ ಬೆಳೆದ ಹುಡುಗನೊಬ್ಬ ತನ್ನ ಹೆಂಡತಿಗೆ, "ಆಯಮ್ಮನ ಕೈಗೆ ಮಗೀನ ಕೊಡಬ್ಯಾಡ" ಎಂದದ್ದನ್ನು ನಾನೇ ಕಿವಿಯಾರೆ ಕೇಳಿದೆ. ನಿನ್ನ ಬೋಳು ತಲೆ ದುಂಡಗಿರುವುದು ಅವಳಿಂದ ಕಣೋ ಎಂದು ಹೇಳಿಯೇ ಬಂದೆ.

ಮದುವೆಯಾಗಿ ತುರುವೇಕೆರೆ ಕಡೆ ಸೇರಿದ್ದ ನಯನ ಬಸುರಿ ಎಂಬ ಸುದ್ದಿ ಬಂದ ದಿನ ಪುಟ್ಟಗಂಗಮ್ಮ ನಮ್ಮ ಬಾಗಿಲಿಗೆ ಬಂದು ಎರಡು ಕೈಯನ್ನೂ ಮುಂದೆ ಚಾಚಿ ನಿಂತಳು.

"ಇದುನ್ನ ವಾಸಿ ಮಾಡ್ಕಬೇಕು ಕಣಮ್ಮ. ಚೊಚ್ಚಲ ಬಾಣಂತನ ತವರ್ನಾಗೆ. ಊರ ಮಕ್ಕಳಿಗೆಲ್ಲ ಎರ್ದು ನನ್ ಮಗಳ ಮಗೀಗೆ ಎರೀದಿದ್ರೆ ನಾನು ಯಾತಕ್ಕೆ ಬದುಕಿರಬೇಕು?"

ಅವಳನ್ನು ತಿಪಟೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. ಆ ಡಾಕ್ಟರು ಹೆಣ್ಣುಮಗಳು ಗ್ಲೌಸು ಕೂಡ ಹಾಕದೆ ಪುಟ್ಟಗಂಗಮ್ಮನ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಎಷ್ಟೋ ದಿನದ ಮೇಲೆ ಯಾರೋ ಮುಟ್ಟಿದರು ಅಂತ ಪುಟ್ಟಗಂಗಮ್ಮನ ಕಣ್ಣು ತುಂಬಿತು. "ಇದು ಅಂಟೋ ಕಾಯಿಲೆ ಅಲ್ಲಮ್ಮ. ಒಣ ಚರ್ಮ, ಇಸುಬು. ಎಣ್ಣೆ ಹಚ್ಚಿ ಸೀಗೇಕಾಯಿ ಹಾಕಿ ಉಜ್ಜಿದ್ರೆ ಹಚ್ಚಿದ್ದೂ ಹೋಗುತ್ತೆ, ಚರ್ಮದಲ್ಲಿ ಇದ್ದದ್ದೂ ಹೋಗುತ್ತೆ. ಬಿಸಿನೀರು ನಿಮ್ಮ ಶತ್ರು" ಎಂದಳು. ಉಗುರುಬೆಚ್ಚಗಿನ ನೀರು, ಅದೂ ಬೇಗ ಮುಗಿಸಬೇಕು. ಉಜ್ಜದೆ ಬಟ್ಟೆ ಒತ್ತಿ ನೀರು ಹೀರಿಸಿ, ಇನ್ನೂ ತೇವ ಇರುವಾಗಲೇ ಮುಲಾಮು ಬಳಿಯಬೇಕು. ಮಲಗುವಾಗ ಹತ್ತಿಯ ಗ್ಲೌಸು. ಉಗುರು ಗಿಡ್ಡ. ಎಲ್ಲ ಹೇಳಿ ಕೊನೆಗೆ ಕೇಳಿದಳು, "ಚಿಕ್ಕವರಿದ್ದಾಗಲೂ ಮೈ ಒಣಗೋದು, ನವೆ ಇತ್ತಾ? ಕೆಲವರ ಮನೆತನದಲ್ಲೇ ಬರುತ್ತೆ."

ಪುಟ್ಟಗಂಗಮ್ಮ ಇತ್ತು ಎಂದಳು. ಅವಳ ತಾಯಿಗೂ ಇತ್ತಂತೆ. ಆ ಮಾತಿಗೆ ಆಗ ನಾವಿಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆ ತಿಂಗಳುಗಳಲ್ಲಿ ಅವಳು ಹಿಡಿದ ವ್ರತವನ್ನು ನಾನು ಯಾವ ದೇವರಿಗೆ ಹಿಡಿದವರಲ್ಲೂ ನೋಡಿಲ್ಲ. ಹಂಡೆಯ ಒಲೆಗೆ ಬೆಂಕಿ ಹಾಕಲಿಲ್ಲ. ನವೆ ಹತ್ತಿದಾಗ ತಣ್ಣೀರ ಬಟ್ಟೆ ಸುತ್ತಿಕೊಂಡು ಹಲ್ಲು ಕಚ್ಚಿ ಕೂತಳು. ನಿಧಾನಕ್ಕೆ ಬಿರುಕುಗಳು ಮುಚ್ಚಿಕೊಂಡವು. ಅಂಗೈ ಕಪ್ಪಗೆ, ದಪ್ಪಗೆ ಉಳಿಯಿತೇ ಹೊರತು ಎಲ್ಲೂ ರಕ್ತವಿಲ್ಲ. ತನ್ನ ಮರದ ಕೊಬ್ಬರಿಯನ್ನೇ ಗಾಣಕ್ಕೆ ಕೊಟ್ಟು ಎಣ್ಣೆ ತಂದಳು. ಹಳೇ ಸೀರೆ ಕುದಿಸಿ, ಒಣಗಿಸಿ, ಚೌಕ ಚೌಕವಾಗಿ ಹರಿದು ಮಡಿಸಿಟ್ಟಳು. ಅವಳ ಮುಖದಲ್ಲಿ ನಗು ಕಂಡದ್ದು ಆ ದಿನಗಳಲ್ಲೇ ಕೊನೆ.

ಸೀಮಂತಕ್ಕೆ ಬೀಗರ ಮನೆಗೆ ನಾವಿಬ್ಬರೂ ಹೋದದ್ದು ಮಗಳನ್ನು ಕರೆದುಕೊಂಡು ಬರಲು. ಮಡಿಲು ತುಂಬಿದ್ದಾಯಿತು, ಊಟವಾಯಿತು. ಹೊರಡುವ ಹೊತ್ತಿಗೆ ಬೀಗಿತ್ತಿ ಶಾಂತಕುಮಾರಿ ಪುಟ್ಟಗಂಗಮ್ಮನನ್ನು ಕೋಣೆಗೆ ಕರೆದಳು. ನಾನೂ ಹಿಂದೆಯೇ ಹೋದೆ. ಶಾಂತಕುಮಾರಿ ಕೆಟ್ಟ ಹೆಂಗಸಲ್ಲ. ಕೆಟ್ಟವಳಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು.

"ತಪ್ಪು ತಿಳ್ಕಬ್ಯಾಡಿ ಕಣ್ರೀ," ಎಂದಳು. "ನಿಮ್ಮೂರ ಕಡೆಯೋರೇ ನಿಮ್ ಕೈ ವಿಚಾರ ಹೇಳಿದ್ರು. ಹಸುಗೂಸು, ನಾಳೆ ಏನಾದ್ರೂ ಅಂಟ್ಕಂಡ್ರೆ ಯಾರನ್ನ ಕೇಳಾನ? ಬಾಣಂತನ ಇಲ್ಲೇ ಆಗ್ಲಿ ಬುಡಿ."

"ವಾಸಿಯಾಗೈತೆ, ನೋಡಿ," ಎಂದು ಪುಟ್ಟಗಂಗಮ್ಮ ಅಂಗೈ ಬಿಚ್ಚಿದಳು. "ಅಂಟೋದಲ್ಲ ಅಂತ ಡಾಕ್ಟ್ರೇ ಹೇಳವ್ರೆ. ಈಯಮ್ಮನ್ನ ಕೇಳಿ."

ನಾನು ಹೌದೆಂದೆ. ಶಾಂತಕುಮಾರಿ ಆ ಅಂಗೈಯನ್ನು ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರಲ್ಲ, ಮಾಗಿದ ಹುಣ್ಣಿಗೆ ಮಾತ್ರ ಯಾವ ಸಾಕ್ಷಿಯೂ ಸಾಲದು. ಮಗಳು ನಯನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಕರೆಯಲು ಹೋದವರು ಬರಿಗೈಯಲ್ಲಿ ಬಂದೆವು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಗುರುತಿನವರೊಬ್ಬರು, "ಮಗಳೆಲ್ಲಿ ಗಂಗಕ್ಕ?" ಎಂದು ಕೇಳಿದರು. "ಬತ್ತಾಳೆ, ಆಮೇಕೆ ಬತ್ತಾಳೆ" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ, ತಡವರಿಸಿತು.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಗೆ ಹೋದಾಗ ದೂರದಿಂದ ತೋರಿಸಿದರು. ಪುಟ್ಟಗಂಗಮ್ಮ ತಾನಾಗಿಯೇ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳು, ಯಾರಾದರೂ ಬೇಡ ಅನ್ನುವ ಪ್ರಸಂಗ ಬರದಿರಲಿ ಅಂತ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳೇ ಸುಮ್ಮನಿರುವಾಗ ನಾನೇನು ಜಗಳ ತೆಗೆಯಲಿ?

ಕೆಲವು ತಿಂಗಳು ಕಳೆದ ಮೇಲೆ ನಯನ ಫೋನು ಮಾಡಿದಳು. ಮಗುವಿನ ಕೆನ್ನೆ ಕೆಂಪಾಗಿ ಒಣಗಿದೆ, ಹೊತ್ತಾರೆ ಸಾಯಂಕಾಲ ಅಳುತ್ತದೆ, ದೃಷ್ಟಿ ತೆಗೆದದ್ದೂ ಆಯಿತು ಎಂದಳು. ನಾವಿಬ್ಬರೂ ಹೋದೆವು. ಮಗುವನ್ನು ಮೊದಲು ಕೊಟ್ಟದ್ದು ನನ್ನ ಕೈಗೆ. ಅದು ಕೆನ್ನೆಯನ್ನು ನನ್ನ ಭುಜಕ್ಕೆ ಒತ್ತಿ ಒತ್ತಿ ಉಜ್ಜಿಕೊಂಡಿತು, ಬಿಡಲೇ ಇಲ್ಲ. ಮೊಣಕೈ ಮಡಿಕೆಯಲ್ಲಿ, ಕಿವಿಯ ಹಿಂದೆ ಚರ್ಮ ಹೊಟ್ಟಾಗಿ ಏಳುತ್ತಿತ್ತು. ನಾನು ಪುಟ್ಟಗಂಗಮ್ಮನ ಮುಖ ನೋಡಿದೆ. ಅವಳು ಮಗುವಿನ ಉಜ್ಜಾಟವನ್ನೇ ನೋಡುತ್ತಿದ್ದಳು. ಕಂಬಕ್ಕೆ ಕೈ ಉಜ್ಜಿದವಳಿಗೆ ಅದನ್ನು ಬಿಡಿಸಿ ಹೇಳಬೇಕೆ?

ಬಚ್ಚಲಲ್ಲಿ ಹಂಡೆ ಮರಳುತ್ತಿತ್ತು. ಬಟ್ಟಲಲ್ಲಿ ಕಡಲೆಹಿಟ್ಟು ಕಲಸಿಟ್ಟಿತ್ತು. "ಕೊಳೆ ಕೂತೈತೆ, ಚೆನ್ನಾಗಿ ಬಿಸಿನೀರ್ನಾಗೆ ಉಜ್ಜಿ ಎರೀತೀನಿ. ಎರ್ದಾಗ ಸುಮ್ಕಾಯ್ತದೆ, ಆಮೇಲೆ ಮತ್ತೆ ಶುರು" ಎಂದಳು ಶಾಂತಕುಮಾರಿ. ತಪ್ಪು ಅವಳದಲ್ಲ. ನಮ್ಮ ಸೀಮೆಯ ಅಜ್ಜಿಯರೆಲ್ಲ ಹಾಗೇ ಎರೆದದ್ದು. ಪುಟ್ಟಗಂಗಮ್ಮ ಜೀವಮಾನವೆಲ್ಲ ಹಾಗೇ ಎರೆದಿದ್ದಳು.

ಸುಮ್ಮನಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ದೃಷ್ಟಿ, ಗ್ರಹಚಾರ ಅಂತ ಏನೋ ಒಂದು ಹೇಳಿಕೊಂಡು ಅವರು ಕಾಲ ತಳ್ಳುತ್ತಿದ್ದರು. ಬಾಯಿ ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನಾನು ಕಣ್ಣಲ್ಲೇ ಬೇಡವೆಂದೆ. ಶಾಂತಕುಮಾರಿ ಮಗುವನ್ನು ಎತ್ತಿಕೊಂಡು ಬಚ್ಚಲ ಹೊಸಲು ದಾಟುವಾಗ ಪುಟ್ಟಗಂಗಮ್ಮ ಅಡ್ಡ ನಿಂತಳು.

"ಎರೀಬ್ಯಾಡಿ. ಕೊಳೆಯಲ್ಲ ಅದು. ನಂದೇ ಅದು."

"ಏನ್ರೀ ನಿಮ್ದು?"

"ನನ್ ಕೈನಾಗೆ ಇರೋದೇ ಮಗೀನ ಕೆನ್ನೇಲೂ ಐತೆ. ಬಿಸಿನೀರು, ಕಡ್ಲೆಹಿಟ್ಟು ಹಾಕಿದ್ರೆ ಹೆಚ್ಚಾಯ್ತದೆ. ತಿಪಟೂರಿನ ಡಾಕ್ಟ್ರತ್ರ ಕರ್ಕೊಂಡೋಗಿ."

ಶಾಂತಕುಮಾರಿ ಮಗುವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ನೀವು ಒಂದ್ಸಲನೂ ಮುಟ್ಟಿಲ್ವಲ್ಲ. ನಾವು ಮುಟ್ಟಾಕೇ ಬಿಟ್ಟಿಲ್ಲ."

"ಮುಟ್ಟಿ ಬಂದದ್ದಲ್ಲ ಕಣಮ್ಮ. ನಮ್ಮವ್ವಂಗೂ ಇತ್ತು. ನಮ್ಮ ಕಡೇಯಿಂದ ಬಂದದ್ದು."

 ಶಾಂತಕುಮಾರಿ ನಿಧಾನವಾಗಿ, ಜೋರು ಮಾಡದೆ, "ಹಂಗಾದ್ರೆ ಗೊತ್ತಿದ್ದೂ ಗೊತ್ತಿದ್ದೂ ಮುಚ್ಚಿಟ್ಟು ಹೆಣ್ಣು ಕೊಟ್ರಿ" ಎಂದಳು. ಅಂಟುತ್ತದೆ ಎಂದಾಗ ಒಬ್ಬಳ ಕೈ ಮಾತ್ರ ಹೊಲಸಾಗಿತ್ತು. ಈಗ ಅವರ ಕಣ್ಣಿಗೆ ಮಗಳ ರಕ್ತವೂ ಹೊಲಸಾಯಿತು. 

ಮಗುವನ್ನು ಡಾಕ್ಟರಿಗೆ ತೋರಿಸಿದರು, ಅದೊಂದು ಒಳ್ಳೆಯದಾಯಿತು. ಬೆಚ್ಚಗಿನ ನೀರು, ಮುಲಾಮು, ಕೈಗೆ ಪುಟ್ಟ ಹತ್ತಿಯ ಚೀಲ. ದಿನದಿನಕ್ಕೆ ಕೆನ್ನೆ ತಿಳಿಯಾಯಿತಂತೆ. ಆದರೆ ಆ ಮನೆಯಲ್ಲಿ ಅನ್ನ ಸೀದರೂ ನಯನಳ ತವರಿನ ಮಾತು ಬರತೊಡಗಿತು. ಅವಳು ಒಂದು ದಿನ ಫೋನು ಮಾಡಿ, "ಯಾಕವ್ವ ಹೇಳ್ದೆ? ನಂಗೆ ಮೊದ್ಲು ಹೇಳಿದ್ರೆ ನಾನೇ ಹೆಂಗೋ ತೋರಿಸ್ತಿದ್ನಲ್ಲ. ಇನ್ನು ಸ್ವಲ್ಪ ದಿನ ಬರಬ್ಯಾಡ" ಎಂದು ಅತ್ತು ಇಟ್ಟಳು. ಆಮೇಲೆ ಫೋನು ಬರಲಿಲ್ಲ. ಇವಳು ಮಾಡಿದರೆ ಎತ್ತುವುದಿಲ್ಲ. ಮಗಳ ಮಾತು ತಪ್ಪೆಂದು ನಾನು ಹೇಳಲಾರೆ. ತಾಯಿಯದೂ ತಪ್ಪಲ್ಲ. ಯಾರದೂ ತಪ್ಪಿಲ್ಲದೆ ಒಂದು ಬದುಕು ಹೀಗೆ ಹಾಳಾಗುವುದನ್ನು ನೋಡಿದರೆ ನನಗೆ ಸಿಟ್ಟು ಯಾರ ಮೇಲೆ ಬರಬೇಕೋ ತಿಳಿಯುವುದಿಲ್ಲ.

ಮೊನ್ನೆ ನಯನ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದ್ದಳು, ಒಂದು ಮಾತೂ ಬರೆಯದೆ. ಮಗು ನಗುತ್ತಿತ್ತು, ಕೆನ್ನೆ ನುಣ್ಣಗೆ ಹೊಳೆಯುತ್ತಿತ್ತು. ತೋರಿಸೋಣ ಎಂದು ಬೆಳಿಗ್ಗೆಯೇ ಪುಟ್ಟಗಂಗಮ್ಮನ ಮನೆಗೆ ಹೋದೆ. ಹಿತ್ತಲಿನಿಂದ ಹೊಗೆ ಬರುತ್ತಿತ್ತು. ಎಷ್ಟೋ ತಿಂಗಳಿಂದ ಆರಿದ್ದ ಹಂಡೆಯ ಒಲೆಯಲ್ಲಿ ಮಟ್ಟೆ ಉರಿಯುತ್ತಿತ್ತು. ಮೊಮ್ಮಗುವಿಗೆಂದು ಮಡಿಸಿಟ್ಟಿದ್ದ ಸೀರೆಯ ಚೂರುಗಳಲ್ಲಿ ಒಂದನ್ನು ಹೆಗಲ ಮೇಲೆ ಹಾಕಿಕೊಂಡು ಅವಳು ಮಣೆಯ ಮೇಲೆ ಕೂತಿದ್ದಳು. ಕೈ ಮತ್ತೆ ಸೀಳಿ ರಕ್ತ ಜಿನುಗುತ್ತಿತ್ತು.

"ಏನೇ ಇದು ಗಂಗಕ್ಕ, ಬಿಸಿನೀರು ಮುಟ್ಟಬ್ಯಾಡ ಅಂದಿದ್ರಲ್ಲ" ಎಂದೆ.

ನಾನು ಮುಂದೆ ಹಿಡಿದ ಫೋಟೋವನ್ನು ಅವಳು ನೋಡಿದಳು. ತುಂಬಾ ಹೊತ್ತು ನೋಡಿದಳು. ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ನೀನು ಎತ್ಕಂಡಿದ್ದೆಯಲ್ಲ ಮಂಗ್ಳಮ್ಮ. ಹೆಂಗಿತ್ತು ಮಗ? ಮೆತ್ತಗಿತ್ತಾ?"

"ಮೆತ್ತಗಿತ್ತು ಕಣೆ."

"ಹೂಂ," ಎಂದಳು. ಆಮೇಲೆ ಚೊಂಬಿನಲ್ಲಿ ಹಬೆಯಾಡುವ ನೀರು ಮೊಗೆದುಕೊಂಡಳು. ನಾನು ಅವಳ ಮೊಣಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಬುಡಮ್ಮ," ಎಂದಳು. "ಇನ್ಯಾರಿಗೆ ಅಂತ ಕಾಪಾಡ್ಕಳ್ಳಲಿ ಈ ಕೈಯ?"

ನಾನು ಕೈ ಬಿಟ್ಟೆ. ಅವಳು ನೀರು ಸುರಿದುಕೊಂಡು ಕಣ್ಣು ಮುಚ್ಚಿದಳು.